ಪೆಟ್ಟಿಗೆಯಲ್ಲಿ ಮಲಗಿದ ಮರಣಶಾಸನ

ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣದ ದಿನವು ಜೈನ ವರ್ತಕನಿಗೆ ಲೆಕ್ಕದ ಹೊಸ ವರ್ಷದ ದಿನವೂ ಆಗಿರುತ್ತದೆ. ಅಂದು ಅಂಗಡಿಯಲ್ಲಿ ಖಾತೆ-ಕಿರ್ದಿಗಳ ಪೂಜೆ ನಡೆಯುತ್ತದೆ. ಹಳೆಯ ಪುಸ್ತಕದ ಬಾಕಿಯನ್ನು ಹೊಸ ಪುಸ್ತಕಕ್ಕೆ ತರುವಾಗ ಒಂದು ರೂಪಾಯಿಯ ವ್ಯತ್ಯಾಸ ಕಂಡರೂ ಗುಮಾಸ್ತನಿಗೆ ನೆಮ್ಮದಿಯಿರುವುದಿಲ್ಲ. ದಾಸ್ತಾನನ್ನು ಎಣಿಸಲಾಗುತ್ತದೆ, ಬರತಕ್ಕ ಬಾಕಿ, ಕೊಡತಕ್ಕ ಬಾಕಿಗಳ ಪಟ್ಟಿ ಸಿದ್ಧವಾಗುತ್ತದೆ. ಇಷ್ಟು ಎಚ್ಚರವುಳ್ಳ ಅದೇ ಯಜಮಾನರನ್ನು, "ತಾವಿಲ್ಲದ ದಿನ ಈ ಪುಸ್ತಕಗಳನ್ನು ತೆರೆಯಬೇಕಾದವರು ಯಾರು?" ಎಂದು ಕೇಳಿ ನೋಡಬೇಕು. ಎರಡು ಉತ್ತರಗಳಲ್ಲಿ ಒಂದು ಬರುತ್ತದೆ. "ಅಶುಭದ ಮಾತು ಈಗೇಕೆ?" ಎಂಬುದು ಒಂದು. "ಉಯಿಲನ್ನು ಎಂದೋ ಬರೆದಾಗಿದೆ, ಪೆಟ್ಟಿಗೆಯಲ್ಲಿದೆ" ಎಂಬುದು ಇನ್ನೊಂದು.

ಮೊದಲನೆಯ ಉತ್ತರದ ದೋಷ ಯಾರಿಗಾದರೂ ಕಾಣುವಂಥದು. ಎರಡನೆಯದು ವಿವೇಕದ ವೇಷ ಧರಿಸಿರುವುದರಿಂದ ಹೆಚ್ಚು ಅಪಾಯಕರವಾದುದು. ಇಪ್ಪತ್ತು ವರ್ಷಗಳ ಹಿಂದಿನ ದಾಸ್ತಾನು ಪಟ್ಟಿಯನ್ನು ನಂಬಿ ಇಂದು ವ್ಯಾಪಾರ ಮಾಡುವ ವರ್ತಕನಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಉಯಿಲನ್ನು ನಂಬಿ ನಿಶ್ಚಿಂತರಾಗಿರುವ ಗೃಹಸ್ಥರು ಮಾತ್ರ ಊರೂರಿಗೂ ಇದ್ದಾರೆ. ಒಮ್ಮೆ ಬರೆದು, ತಿರುಗಿ ಓದದೆ, ಅದರ ಅರ್ಥವನ್ನೂ ಸರಿಯಾಗಿ ತಿಳಿಯದೆ ಬೀಗ ಹಾಕಿಟ್ಟ ಮರಣಶಾಸನವು ಶ್ರಾವಕನ ಕರ್ತವ್ಯವನ್ನು ಪೂರೈಸುವುದಿಲ್ಲ. ಅದು ಅನೇಕ ವೇಳೆ ಉಯಿಲೇ ಇಲ್ಲದಿರುವುದಕ್ಕಿಂತ ಹೆಚ್ಚಿನ ಅನ್ಯಾಯಕ್ಕೆ ದಾರಿಯಾಗುತ್ತದೆ.

ಅಪರಿಗ್ರಹದ ಹೆಸರಿನಲ್ಲಿ ಆಲಸ್ಯ

ಆಸ್ತಿಯ ವಿಲೇವಾರಿಯನ್ನು ಕುರಿತು ಯೋಚಿಸುವುದೇ ಮೋಹವೆಂದೂ, ವೃದ್ಧಾಪ್ಯದಲ್ಲಿ ಅದರಿಂದ ಆರ್ತಧ್ಯಾನ ಉಂಟಾಗುವುದೆಂದೂ ವಾದಿಸುವವರಿದ್ದಾರೆ. ಮಾತು ಕೇಳಲು ವೈರಾಗ್ಯದಂತಿದೆ. ಆದರೆ ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಕೊಟ್ಟಿರುವ ಲಕ್ಷಣ ಮೂರ್ಛೆ, ಎಂದರೆ 'ಇದು ನನ್ನದು' ಎಂಬ ಮಮತ್ವ. ವಸ್ತುವನ್ನು ಕೊನೆಯುಸಿರಿನವರೆಗೂ ಕೈಯಲ್ಲಿ ಹಿಡಿದುಕೊಂಡು, ಅದು ಮುಂದೆ ಯಾರದೆಂದು ಹೇಳಲು ಬಾಯಿ ಬಾರದಿರುವುದೇ ಮೂರ್ಛೆಯ ಸ್ಪಷ್ಟ ಚಿಹ್ನೆ. ಬಿಟ್ಟುಹೋಗುವುದನ್ನು ಬರೆಯಲಾರದವನು ಬಿಡಲು ಸಿದ್ಧನಾಗಿಲ್ಲವೆಂದೇ ತಿಳಿಯಬೇಕು.

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅದೇ ಸೂತ್ರಕಾರರು ಹೊಲ ಮತ್ತು ಮನೆ, ಬೆಳ್ಳಿ ಮತ್ತು ಬಂಗಾರ, ಧನ ಮತ್ತು ಧಾನ್ಯ, ಸೇವಕ ಮತ್ತು ಸೇವಕಿ, ಬಟ್ಟೆಬರೆ ಪಾತ್ರೆಪಡಗ ಎಂದು ವಿಂಗಡಿಸಿ ಹೇಳಿದ್ದಾರೆ. ತನ್ನಲ್ಲಿ ಇರುವುದೆಷ್ಟು ಎಂಬ ಪಟ್ಟಿಯಿಲ್ಲದೆ ಮಿತಿಯನ್ನು ಪಾಲಿಸುವುದು ಸಾಧ್ಯವಿಲ್ಲ. ಯಾವ ಬ್ಯಾಂಕಿನಲ್ಲಿ ಎಷ್ಟು ಠೇವಣಿಯಿದೆ, ಯಾವ ನಿವೇಶನ ಯಾರ ಹೆಸರಿನಲ್ಲಿದೆ, ಕೈಸಾಲವಾಗಿ ಯಾರಿಂದ ಎಷ್ಟು ಬರಬೇಕು ಎಂಬುದು ತನಗೇ ತಿಳಿಯದ ಗೃಹಸ್ಥನು ಅಣುವ್ರತಿಯೆಂದು ಹೇಳಿಕೊಳ್ಳುವುದು ಹೇಗೆ? ಆಸ್ತಿಯ ಪಟ್ಟಿಯು ಉಯಿಲಿಗೆ ಎಷ್ಟು ಅಗತ್ಯವೋ ವ್ರತಕ್ಕೂ ಅಷ್ಟೇ ಅಗತ್ಯವಾದುದು.

ಅಶುಭದ ಮಾತನ್ನು ಎತ್ತುವವರಿಗೆ ಹೇಳಬೇಕಾದುದು ಸ್ವಲ್ಪವೇ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ ಭಾವನೆ. ಅದನ್ನು ಬಸದಿಯಲ್ಲಿ ರಾಗವಾಗಿ ಹಾಡಿ, ಮನೆಗೆ ಬಂದು ಉಯಿಲಿನ ಹೆಸರೆತ್ತಿದೊಡನೆ ಕಿವಿ ಮುಚ್ಚಿಕೊಳ್ಳುವುದು ಹಾಸ್ಯಾಸ್ಪದ. ಆಯುಃಕರ್ಮವು ಕಾಗದಕ್ಕೆ ಹೆದರಿ ಕಡಿಮೆಯಾಗುವಂಥದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಕ್ರಮವನ್ನು ಹೇಳುವಾಗ ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಬೇಡಬೇಕೆಂದು ವಿಧಿಸುತ್ತಾರೆ. ತಾನು ಬಿಟ್ಟುಹೋಗುವ ಕಾಗದಗಳೇ ನಾಳೆ ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವಂತಿದ್ದರೆ, ಆ ಕ್ಷಮಾಯಾಚನೆಗೆ ಅರ್ಥ ಉಳಿಯುವುದೆ?

ಜಿನಸೇನಾಚಾರ್ಯರ ಗೃಹಸ್ಥ

ಈ ವಿಷಯದಲ್ಲಿ ಜೈನ ಪರಂಪರೆಯು ಮೌನವಾಗಿದೆಯೆಂದು ಭಾವಿಸುವುದು ಅಜ್ಞಾನ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ದತ್ತಿಯ ನಾಲ್ಕು ಬಗೆಗಳನ್ನು ಹೇಳಲಾಗಿದೆ. ದಯಾದತ್ತಿ, ಪಾತ್ರದತ್ತಿ, ಸಮದತ್ತಿಗಳ ಜೊತೆಗೆ ನಾಲ್ಕನೆಯದು ಸಕಲದತ್ತಿ ಅಥವಾ ಅನ್ವಯದತ್ತಿ, ಎಂದರೆ ಕುಟುಂಬದ ಹೊಣೆಯನ್ನೂ ಧರ್ಮವನ್ನೂ ಧನವನ್ನೂ ಮುಂದಿನ ಪೀಳಿಗೆಗೆ ಒಪ್ಪಿಸುವುದು. ವಾರಸಿಕೆಯನ್ನು ದಾನದ ಪಂಕ್ತಿಯಲ್ಲಿ ಕೂರಿಸಿದ ದೃಷ್ಟಿ ಅದು.

ಅದೇ ಪರ್ವದಲ್ಲಿ ಗೃಹತ್ಯಾಗ ಕ್ರಿಯೆಯ ವರ್ಣನೆಯಿದೆ. ಮನೆ ಬಿಡಲಿರುವ ಗೃಹಸ್ಥನು ಸಿದ್ಧಪೂಜೆಯನ್ನು ಮಾಡಿ, ತನಗೆ ಬೇಕಾದವರನ್ನು ಕರೆಸಿ, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಎಲ್ಲವನ್ನೂ ಒಪ್ಪಿಸುತ್ತಾನೆ. ಒಪ್ಪಿಸುವಾಗ ಹಂಚಿಕೆಯನ್ನೂ ಹೇಳುತ್ತಾನೆ. ಧನವನ್ನು ಮೂರು ಭಾಗ ಮಾಡಬೇಕು. ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಒಂದು ಒಡಹುಟ್ಟಿದವರಲ್ಲಿ ಹಂಚುವುದಕ್ಕೆ. ಆ ಹಂಚಿಕೆಯಲ್ಲಿ ಪುತ್ರಿಯರೂ ಪುತ್ರರ ಸಮಕ್ಕೆ ಸಮಭಾಗಕ್ಕೆ ಅರ್ಹರು ಎಂದು ಆಚಾರ್ಯರು ಸ್ಪಷ್ಟವಾಗಿ ನುಡಿದಿದ್ದಾರೆ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಮೂರು. ಒಪ್ಪಿಸುವುದು ಬುದ್ಧಿ ಸ್ವಸ್ಥವಾಗಿರುವಾಗ, ಬಾಯಿ ಆಡುತ್ತಿರುವಾಗ ನಡೆಯುತ್ತದೆ. ಸಾಕ್ಷಿಗಳ ಎದುರಿನಲ್ಲಿ ನಡೆಯುತ್ತದೆ. ಯಾರಿಗೆ ಯಾವುದು, ಯಾವ ಕಾರಣಕ್ಕೆ ಎಂಬುದನ್ನು ಕೊಡುವವನೇ ಹೇಳುತ್ತಾನೆ. ಪೆಟ್ಟಿಗೆಯೊಳಗಿನ ಗುಟ್ಟಿಗೆ ಅಲ್ಲಿ ಸ್ಥಳವಿಲ್ಲ. ಗೃಹತ್ಯಾಗ ಮಾಡುವ ಶಕ್ತಿ ಇಂದಿನ ಗೃಹಸ್ಥರಲ್ಲಿ ಎಲ್ಲರಿಗೂ ಇಲ್ಲ; ಬಹುಪಾಲು ಜನ ಮನೆಯಲ್ಲಿಯೇ ಕಣ್ಣು ಮುಚ್ಚುತ್ತಾರೆ. ಅಂಥವರ ಪಾಲಿಗೆ ಉಯಿಲೇ ಸಕಲದತ್ತಿಯ ಪ್ರತಿನಿಧಿ.

ಆದಿನಾಥ ಸ್ವಾಮಿಯು ದೀಕ್ಷೆಗೆ ಮುನ್ನ ಭರತನಿಗೆ ಸಾಮ್ರಾಜ್ಯವನ್ನೂ ಬಾಹುಬಲಿಗೆ ಪೌದನಪುರವನ್ನೂ ಉಳಿದ ಪುತ್ರರಿಗೆ ಅವರವರ ಭಾಗಗಳನ್ನೂ ಹಂಚಿಕೊಟ್ಟ ಕಥೆ ಮನೆಮನೆಗೂ ತಿಳಿದಿದೆ. ತೀರ್ಥಂಕರರೇ ಸ್ವತಃ ಹಂಚಿಕೊಟ್ಟ ಮೇಲೂ ಅಣ್ಣತಮ್ಮಂದಿರು ಎದುರುಬದುರು ನಿಂತರು. ಹೀಗಿರುವಾಗ ಹಂಚದೆಯೇ ಹೋಗುವ ತಂದೆಯು "ನನ್ನ ಮಕ್ಕಳು ಸಂಸ್ಕಾರವಂತರು, ಜಗಳವಾಡರು" ಎಂದು ನೆಮ್ಮದಿಯಿಂದಿರುವುದು ಯಾವ ಧೈರ್ಯದಿಂದ? ಬೆಟ್ಟದ ಮೇಲಿನ ಮೂರ್ತಿಯ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಮನೆಯಲ್ಲಿ ಬಾಹುಬಲಿ ಹುಟ್ಟುವುದಿಲ್ಲ.

ಬದಲಾದ ಮನೆ, ಬದಲಾಗದ ಕಾಗದ

ಹಳೆಯ ಉಯಿಲು ಮಾಡುವ ಅನ್ಯಾಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ತಾಲ್ಲೂಕು ಕೇಂದ್ರವೊಂದರ ಬಟ್ಟೆ ವರ್ತಕರೊಬ್ಬರು 1986ರಲ್ಲಿ ಉಯಿಲು ಬರೆದರೆಂದು ಇಟ್ಟುಕೊಳ್ಳೋಣ. ಅವರ ಮನಸ್ಸು ನ್ಯಾಯವಾಗಿಯೇ ಇತ್ತು. ಅಂಗಡಿ ಇಬ್ಬರು ಗಂಡುಮಕ್ಕಳಿಗೆ, ರಥಬೀದಿಯ ಮನೆ ಮಗಳಿಗೆ, ಸಿಂಡಿಕೇಟ್ ಬ್ಯಾಂಕಿನ ಠೇವಣಿ ಪತ್ನಿಗೆ, ಒಂದಿಷ್ಟು ಹಣ ಬಡತನದಲ್ಲಿದ್ದ ತಮ್ಮನಿಗೆ, ಯೂನಿಟ್ ಟ್ರಸ್ಟಿನ 'ಯುಎಸ್-64' ಯೂನಿಟ್‌ಗಳು ಬಸದಿಯ ನಿತ್ಯಾಭಿಷೇಕಕ್ಕೆ. ಕೊನೆಯಲ್ಲಿ ವಕೀಲರು ಹಾಕಿಸಿದ ಒಂದು ಸಾಲು: ಉಳಿದುದೆಲ್ಲವೂ ಗಂಡುಮಕ್ಕಳಿಗೆ. ಆ ಸಾಲಿನ ಭಾರವೆಷ್ಟೆಂದು ವರ್ತಕರು ಕೇಳಲಿಲ್ಲ. ಉಯಿಲು ಪೆಟ್ಟಿಗೆ ಸೇರಿತು.

ಕಾಲ ನಿಲ್ಲಲಿಲ್ಲ. ವ್ಯಾಪಾರದಲ್ಲಿ ನಷ್ಟವಾಗಿ 1999ರಲ್ಲಿ ರಥಬೀದಿಯ ಮನೆಯನ್ನು ಮಾರಿ ಅಂಗಡಿಯ ಸಾಲ ತೀರಿಸಿದರು. ಮುಂದೆ ಚೇತರಿಸಿಕೊಂಡು ಮೈಸೂರಿನಲ್ಲಿ ನಿವೇಶನ ಕೊಂಡರು. ಯುಎಸ್-64 ಯೋಜನೆಯ ಯೂನಿಟ್‌ಗಳು 2003ರಲ್ಲಿ ಬಾಂಡುಗಳಾಗಿ ಮಾರ್ಪಟ್ಟು, ಆ ಬಾಂಡುಗಳ ಅವಧಿ 2008ರಲ್ಲಿ ಮುಗಿಯಿತು. ತಮ್ಮನು ತೀರಿಕೊಂಡನು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಯಿಲಿಗೆ ಸಹಿ ಹಾಕಿದ್ದ ಇಬ್ಬರು ಸಾಕ್ಷಿಗಳೂ ಈಗಿಲ್ಲ. ಉಯಿಲು ಮಾತ್ರ 1986ರಲ್ಲಿಯೇ ನಿಂತಿದೆ.

ಅವರು ತೀರಿಕೊಂಡ ದಿನ ಆ ಕಾಗದದ ಫಲವೇನು? ಉಯಿಲಿನಲ್ಲಿ ಹೆಸರಿಸಿ ಕೊಟ್ಟ ನಿರ್ದಿಷ್ಟ ಸ್ವತ್ತು ಬರೆದವನ ಮರಣಕಾಲದಲ್ಲಿ ಅವನದಾಗಿ ಉಳಿದಿರದಿದ್ದರೆ ಆ ಕೊಡುಗೆ ಬಿದ್ದುಹೋಗುತ್ತದೆ ಎಂಬುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ನಿಯಮ. ಆದುದರಿಂದ ಮಗಳ ಮನೆ ಹೋಯಿತು. ಅಭಿಷೇಕದ ಯೂನಿಟ್‌ಗಳೂ ಹೋದವು. ಮಗ ಅಥವಾ ಮಗಳು ತಂದೆಗಿಂತ ಮೊದಲೇ ತೀರಿ, ಅವರ ಸಂತಾನ ಉಳಿದಿದ್ದರೆ, ಉಯಿಲಿನಲ್ಲಿ ಬೇರೆ ಇಚ್ಛೆ ಕಾಣದಿರುವಾಗ ಅವರ ಪಾಲನ್ನು ಕಾಯಿದೆ ಉಳಿಸುತ್ತದೆ; ತಮ್ಮನಿಗೆ ಆ ರಕ್ಷಣೆಯಿಲ್ಲ. ಅವನ ಪಾಲೂ ಬಿತ್ತು. ಬ್ಯಾಂಕಿನ ವಿಲೀನದಿಂದ ಪತ್ನಿಯ ಹಕ್ಕು ಅಳಿಯುವುದಿಲ್ಲ. ಆದರೆ ಠೇವಣಿಯು ಹಲವು ಬಾರಿ ನವೀಕರಣವಾಗಿ, ಸಂಖ್ಯೆ ಬದಲಾಗಿ, ಸ್ವಲ್ಪ ಬೇರೆಡೆಗೆ ಹೋಗಿರುವುದರಿಂದ ಉಯಿಲು ಹೇಳಿದ ಹಣ ಇದೇ ಎಂದು ತೋರಿಸುವ ಕಷ್ಟ ಆ ವೃದ್ಧೆಯದು. ಮೈಸೂರಿನ ನಿವೇಶನವು "ಉಳಿದುದೆಲ್ಲವೂ" ಎಂಬ ಸಾಲಿನ ಬಲದಿಂದ ಗಂಡುಮಕ್ಕಳಿಗೆ ಸೇರಿತು.

ತಂದೆ ಎಲ್ಲರಿಗೂ ಕೊಟ್ಟಿದ್ದರು. ಕಾಗದವು ಇಬ್ಬರಿಗೆ ಮಾತ್ರ ಕೊಟ್ಟಿತು. ಉಯಿಲೇ ಇಲ್ಲದಿದ್ದರೆ, ಅವರ ಸ್ವಯಾರ್ಜಿತವೆಲ್ಲವೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಪತ್ನಿಗೂ ಮಗಳಿಗೂ ಗಂಡುಮಕ್ಕಳಿಗೂ ಸಮನಾಗಿ ಹಂಚಿಹೋಗುತ್ತಿತ್ತು. ಮಗಳನ್ನು ಬರಿಗೈಯಲ್ಲಿ ಕಳುಹಿಸಿದ್ದು ತಂದೆಯ ದುರ್ಬುದ್ಧಿಯಲ್ಲ, ಅವರ ಪ್ರಮಾದ. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ಕಲಿತ ಸಮಾಜಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಮಿನಿಯೆಂಬ ಭ್ರಮೆ

"ಎಲ್ಲ ಖಾತೆಗಳಿಗೂ ನಾಮಿನಿ ಬರೆಸಿದ್ದೇನೆ, ಉಯಿಲೇಕೆ?" ಎಂಬುದು ವಿದ್ಯಾವಂತರಲ್ಲಿಯೂ ಬೇರೂರಿರುವ ಭ್ರಮೆ. ನಾಮಿನಿಯು ಹಣವನ್ನು ಪಡೆಯಲು ಗೊತ್ತುಮಾಡಿದ ವ್ಯಕ್ತಿ. ಸಾಮಾನ್ಯವಾಗಿ ಅವನು ಅದರ ಒಡೆಯನಲ್ಲ. ವಿಮಾ ಹಣದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ಇದನ್ನು ಹೇಳಿತು. ಕಂಪನಿಗಳ ಷೇರುಗಳ ವಿಷಯದಲ್ಲಿಯೂ 2023ರ ಡಿಸೆಂಬರ್‌ನಲ್ಲಿ ಅದೇ ತತ್ತ್ವವನ್ನು ಎತ್ತಿಹಿಡಿಯಿತು. ವಿಮೆಗೆ ಸಂಬಂಧಿಸಿ 2015ರಲ್ಲಿ ತಿದ್ದುಪಡಿಯಾಗಿ, ತಂದೆ ತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೆ ಹಣದ ಮೇಲೆ ಸ್ವಂತದ ಹಕ್ಕೂ ಬರುವ ವ್ಯವಸ್ಥೆಯಾಗಿದೆ. ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ನಿಯಮಗಳು ಹೀಗೆ ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ, ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳಬೇಕಾದುದು ಅವಶ್ಯಕ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾದರೂ ಅದನ್ನು ಬದಲಿಸದವರ ಸಂಖ್ಯೆ ಚಿಕ್ಕದಿರಲಾರದು.

ನಾಮಿನಿಯಾಗಿ ಹಣ ಪಡೆದು ಒಡಹುಟ್ಟಿದವರಿಗೆ ಹೇಳದೆ ಇಟ್ಟುಕೊಳ್ಳುವವನ ಸ್ಥಿತಿಯನ್ನು ಶಾಸ್ತ್ರವು ಹೆಸರಿಟ್ಟು ಕರೆದಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಮತ್ತೊಂದು. ಕೂಟಲೇಖವೆಂದರೆ ಸುಳ್ಳು ದಸ್ತಾವೇಜು. ನ್ಯಾಸಾಪಹಾರಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬಹು ಸೂಕ್ಷ್ಮವಾದುದು. ಒತ್ತೆಯಿಟ್ಟವನು ತಾನಿಟ್ಟದ್ದೆಷ್ಟು ಎಂಬುದನ್ನು ಮರೆತು ಕಡಿಮೆ ಕೇಳಿದಾಗ, "ಹಾಗೆಯೇ ಆಗಲಿ" ಎಂದು ಒಪ್ಪಿ ಅಷ್ಟನ್ನೇ ಹಿಂದಿರುಗಿಸುವುದೂ ಅಪಹಾರವೇ. ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಮೇಲಿನ ಉದಾಹರಣೆಯ ಗಂಡುಮಕ್ಕಳು ಕಾನೂನಿನ ಕಣ್ಣಿನಲ್ಲಿ ನಿರ್ದೋಷಿಗಳು. ತಂದೆ ಅಕ್ಕನಿಗೊಂದು ಮನೆ ಕೊಡಬೇಕೆಂದಿದ್ದರು, ಅದರ ಹಣ ಅಂಗಡಿಯ ಸಾಲಕ್ಕೆ ಹೋಯಿತು, ಆ ಅಂಗಡಿ ಈಗ ತಮ್ಮದಾಗಿದೆ ಎಂದು ತಿಳಿದೂ ಸುಮ್ಮನಿರುವವರು ವ್ರತದ ಕಣ್ಣಿನಲ್ಲಿ ನಿರ್ದೋಷಿಗಳಾಗುವುದಿಲ್ಲ.

ಹೆಣ್ಣುಮಕ್ಕಳ ಸಹಿ

ಈ ಪ್ರಕರಣದ ಅತ್ಯಂತ ನಾಚಿಕೆಯ ಭಾಗವು ಇನ್ನೂ ಉಳಿದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮತಃ ಹಕ್ಕನ್ನು ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದು ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಹೇಳಿದೆ. 1956ರ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿಯೇ ಜೈನರನ್ನು ಹೆಸರಿಸಿದೆ. 2014ರಲ್ಲಿ ಸಮಾಜಕ್ಕೆ ದೊರೆತ ಅಲ್ಪಸಂಖ್ಯಾತ ಸ್ಥಾನದಿಂದ ಇದರಲ್ಲಿ ಯಾವ ಬದಲಾವಣೆಯೂ ಆಗಿಲ್ಲ.

ಆದುದರಿಂದ ಹಳೆಯ ಉಯಿಲಿನಲ್ಲಿ ಮನೆತನದ ಆಸ್ತಿಯೆಲ್ಲವನ್ನೂ ತನ್ನದೆಂದು ಭಾವಿಸಿ ಬರೆದಿರುವ ಯಜಮಾನನು ಇಂದು ಅದನ್ನು ಮತ್ತೆ ಓದಲೇಬೇಕು. ಕೂಡುಕುಟುಂಬದ ಸ್ವತ್ತಿನಲ್ಲಿ ತನ್ನ ಪಾಲನ್ನು ಮಾತ್ರ ಅವನು ಉಯಿಲಿನ ಮೂಲಕ ಕೊಡಬಲ್ಲನು. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿಯನ್ನು ಕಡಿಮೆ ಮಾಡಿಕೊಳ್ಳುವ ದೃಷ್ಟಿಯಿಂದ ಏರ್ಪಡಿಸಿಕೊಂಡ ವ್ಯವಸ್ಥೆಗಳು, ಆ ತೆರಿಗೆ 1985ರಲ್ಲಿ ರದ್ದಾದ ಮೇಲೂ ಹಾಗೆಯೇ ಉಳಿದಿದ್ದರೆ, ಈಗ ಅವು ಯಾರಿಗೆ ಉಪಕಾರ, ಯಾರಿಗೆ ಅಪಕಾರ ಎಂಬುದನ್ನೂ ಪರೀಕ್ಷಿಸಬೇಕು.

ಆದರೆ ಅನೇಕ ಮನೆಗಳಲ್ಲಿ ನಡೆಯುತ್ತಿರುವುದೇ ಬೇರೆ. ತಂದೆಯ ಕಾರ್ಯಗಳು ಮುಗಿದು, ಕಣ್ಣೀರು ಆರುವ ಮೊದಲೇ ಹೆಣ್ಣುಮಕ್ಕಳ ಮುಂದೆ ಹಕ್ಕು ಖುಲಾಸೆ ಪತ್ರ ಬರುತ್ತದೆ. "ಮದುವೆಯಲ್ಲಿ ಬೇಕಾದಷ್ಟು ಕೊಟ್ಟಾಗಿದೆ, ತವರಿನ ದಾರಿ ಬೇಕಾದರೆ ಸಹಿ ಹಾಕು" ಎಂಬ ಅರ್ಥವು ಬಾಯಿಂದ ಬಾರದಿದ್ದರೂ ಮುಖದಿಂದ ಬರುತ್ತದೆ. ಸ್ವಸಂತೋಷದಿಂದ, ತಿಳಿದು ಬಿಟ್ಟುಕೊಟ್ಟರೆ ಅದು ತ್ಯಾಗ. ತವರನ್ನು ಕಳೆದುಕೊಳ್ಳುವ ಭಯದಿಂದ ಹಾಕಿಸಿಕೊಂಡ ಸಹಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಅಸ್ತೇಯಾಣುವ್ರತಿಗಳೇ ಹೇಳಲಿ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ತಂದೆಯೇ ಕಲಿಸಿದನೆಂದು ವೇದಿಕೆಯ ಮೇಲೆ ಹೆಮ್ಮೆಪಡುವ ಸಮಾಜವು, ಅದೇ ಅಕ್ಷರ-ಅಂಕಗಳು ತುಂಬಿದ ಪಾಲುಪಟ್ಟಿಯನ್ನು ಮಗಳಿಗೆ ಓದಲು ಕೊಡುವುದಿಲ್ಲ. ಜಿನಸೇನಾಚಾರ್ಯರು ಹೇಳಿದ ಸಮಭಾಗವನ್ನು ಶಾಸನಸಭೆಗಳು ಕಾನೂನು ಮಾಡುವವರೆಗೂ ಕಾಯ್ದದ್ದೇ ಸಾಲದೆ, ಮಾಡಿದ ಮೇಲೂ ತಪ್ಪಿಸುವ ದಾರಿ ಹುಡುಕುವುದು ಶ್ರಾವಕ ಧರ್ಮವೆ?

ವಿಧವೆಯ ಹಕ್ಕಿನ ವಿಷಯದಲ್ಲಿ ಈ ಸಮಾಜದ ಹಿಂದಿನವರು ಮುಂದಿದ್ದರು. ಪುತ್ರರಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಸ್ವಾಮ್ಯವಿರುವ ರೂಢಿಯನ್ನು ಉತ್ತರ ಭಾರತದ ಜೈನ ಕುಟುಂಬವೊಂದರ ವ್ಯಾಜ್ಯದಲ್ಲಿ ಪ್ರೀವಿ ಕೌನ್ಸಿಲ್ 1878ರಲ್ಲಿಯೇ ಮಾನ್ಯಮಾಡಿತ್ತು. ಆ ಹಿರಿಯರ ವಂಶಜರ ಉಯಿಲುಗಳಲ್ಲಿ ಇಂದು ಪತ್ನಿಗೆ "ಬದುಕಿರುವವರೆಗೆ ಊಟ, ಬಟ್ಟೆ, ವಾಸ" ಎಂಬ ಮೂರು ಪದಗಳಷ್ಟೇ ಉಳಿಯುವುದು ಅವನತಿಯ ಗುರುತು. ಶ್ರಾವಿಕೆಯರೂ ತಮ್ಮ ಉಯಿಲನ್ನು ಬರೆಯಬೇಕು. ಮಕ್ಕಳಿಲ್ಲದ ವಿಧವೆ ಉಯಿಲಿಲ್ಲದೆ ತೀರಿಕೊಂಡರೆ ಅವಳು ದುಡಿದ ಸ್ವತ್ತು ಅವಳ ತಾಯಿ ತಂದೆಯರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ ಎಂಬ ಕಾನೂನನ್ನು ತಿಳಿದಿರುವ ಮಹಿಳೆಯರು ಎಷ್ಟು ಜನ?

ಧರ್ಮದರ್ಶಿಗಳ ಹೊಣೆ

ಬಸದಿಯ ಆಡಳಿತ ನಡೆಸುವವರೂ ಈ ದೋಷದಲ್ಲಿ ಪಾಲುದಾರರು. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟೇಶ್ವರನ ಅಭಿಷೇಕದ ಹಾಲಿಗಾಗಿ ಇಟ್ಟ ಮೂಲಧನವನ್ನೂ ಅದರ ಬಡ್ಡಿಯಿಂದ ನಡೆಯಬೇಕಾದ ಸೇವೆಯನ್ನೂ ಕಲ್ಲಿನಲ್ಲಿ ಕೊರೆದಿದೆ. ಕೊಟ್ಟವರು ಯಾರು, ಕೊಟ್ಟದ್ದೆಷ್ಟು, ಯಾತಕ್ಕೆ, ನಡೆಸುವವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ಇಂದು ವೃದ್ಧ ದಾನಿಯೊಬ್ಬರು ಸಭೆಯಲ್ಲಿ ಎದ್ದುನಿಂತು ಬಾಯಿಮಾತಿನಲ್ಲಿ ಹೇಳಿದ ದಾನಕ್ಕೆ ಚಪ್ಪಾಳೆ ತಟ್ಟಿ, ಶಾಲು ಹೊದಿಸಿ ಕಳುಹಿಸಲಾಗುತ್ತದೆ. ಅದು ಉಯಿಲಿನಲ್ಲಿದೆಯೇ, ಟ್ರಸ್ಟಿನ ನೋಂದಾಯಿತ ಹೆಸರು ಸರಿಯಾಗಿದೆಯೇ, ಎರಡು ಬಸದಿಗಳಿರುವ ಊರಿನಲ್ಲಿ "ಬಸದಿಗೆ" ಎಂದು ಮಾತ್ರ ಬರೆದರೆ ಯಾವುದಕ್ಕೆ ಎಂದು ಯಾರೂ ವಿಚಾರಿಸುವುದಿಲ್ಲ. ದಾನಿ ತೀರಿಕೊಂಡ ಮೇಲೆ ಮಕ್ಕಳ ಮನೆಗೆ ಅಲೆದಾಟ, ಮನಸ್ತಾಪ, ಕೊನೆಗೆ ಪರ್ವದ ದಿನಗಳಲ್ಲಿಯೂ ಮುಖ ನೋಡದಂಥ ವೈರ.

ಇನ್ನೊಂದು ದೋಷ ಇದಕ್ಕಿಂತ ಗುರುತರವಾದುದು. ಟ್ರಸ್ಟಿಗೆ ಆಸ್ತಿ ಬರುವ ಉಯಿಲನ್ನು ಟ್ರಸ್ಟಿನವರೇ ಮುಂದೆ ನಿಂತು ಬರೆಸುವುದು, ತಾವೇ ಸಾಕ್ಷಿ ಹಾಕುವುದು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ಪ್ರಸಿದ್ಧ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಯಿಲು ಬರೆಸುವುದರಲ್ಲಿ ಮುಖ್ಯ ಪಾತ್ರ ವಹಿಸಿ ಅದರಿಂದಲೇ ದೊಡ್ಡ ಲಾಭ ಪಡೆಯುವವನಿದ್ದರೆ ಅದು ಸಂದೇಹಕ್ಕೆ ಕಾರಣವೆಂದೂ, ಆ ಸಂದೇಹವನ್ನು ನಿವಾರಿಸುವ ಭಾರ ಉಯಿಲನ್ನು ಮುಂದಿಡುವವನ ಮೇಲಿದೆಯೆಂದೂ ಹೇಳಿದೆ. ಕಾನೂನಿನ ಮಾತು ಹಾಗಿರಲಿ. ವಿಧವೆಗೂ ಅವಿವಾಹಿತ ಮಗಳಿಗೂ ನೆಲೆಯಿಲ್ಲದಂತೆ ಮಾಡಿ ಬರೆದ ದಾನದ ಹಣದಿಂದ ಜಿನಬಿಂಬಕ್ಕೆ ಬೆಳ್ಳಿಯ ಪ್ರಭಾವಳಿ ಮಾಡಿಸಿದರೆ ಅದರಲ್ಲಿ ದಯಾದತ್ತಿಯ ಅಂಶವೆಲ್ಲಿ? ಅಂಥ ದಾನವನ್ನು ದಾನಿಯ ಎದುರಿನಲ್ಲಿಯೇ ಕೈಮುಗಿದು ನಿರಾಕರಿಸುವ ಧರ್ಮದರ್ಶಿಗಳು ಬೇಕಾಗಿದ್ದಾರೆ. ಜಿನಸೇನಾಚಾರ್ಯರು ಧರ್ಮಕ್ಕೆ ಒಂದು ಭಾಗವನ್ನು ಹೇಳಿದರು, ಮೂರನ್ನೂ ಹೇಳಲಿಲ್ಲ.

ವರ್ಷಕ್ಕೊಂದು ದಿನ

ಹಾಗಾದರೆ ಮಾಡತಕ್ಕದ್ದೇನು? ಅದು ಕಷ್ಟದ ಕೆಲಸವಲ್ಲ. ಉಯಿಲನ್ನು ಸ್ವಸ್ಥಬುದ್ಧಿಯಿಂದ, ತನಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಬಹುದು. ಮುದ್ರಾಂಕದ ಕಾಗದ ಬೇಕಾಗಿಲ್ಲ. ಕನಿಷ್ಠ ಇಬ್ಬರು ಸಾಕ್ಷಿಗಳು, ಬರೆದವನು ಸಹಿ ಹಾಕುವುದನ್ನು ಕಂಡು ಅಥವಾ ಅವನಿಂದಲೇ 'ಇದು ನನ್ನ ಸಹಿ' ಎಂದು ಕೇಳಿ ತಿಳಿದು, ಅವನ ಎದುರಿನಲ್ಲಿ ತಾವೂ ಸಹಿ ಹಾಕಬೇಕು. ಸಾ‌ಕ್ಷಿಗಳು ಉಯಿಲಿನಿಂದ ಲಾಭ ಪಡೆಯದವರೂ, ಬರೆಯುವವನಿಗಿಂತ ಕಿರಿಯರೂ, ಊರಿನಲ್ಲಿಯೇ ಸಿಗುವವರೂ ಆಗಿದ್ದರೆ ಒಳ್ಳೆಯದು. ಏಕೆಂದರೆ ಮುಂದೆ ಉಯಿಲನ್ನು ರುಜುವಾತುಪಡಿಸಲು ಅವರಲ್ಲಿ ಒಬ್ಬರಾದರೂ ಬಂದು ನುಡಿಯಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯಿದೆಯೂ ಹಳೆಯದರಂತೆಯೇ ಹೇಳುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ಹಿತಕರ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿಯಿಡುವ ಅವಕಾಶವೂ 1908ರ ನೋಂದಣಿ ಕಾಯಿದೆಯಲ್ಲಿದೆ. ಜಾರಿಮಾಡುವ ಒಬ್ಬ ನಂಬಿಕಸ್ಥನ ಹೆಸರನ್ನೂ, ಅವನಿಲ್ಲದಿದ್ದರೆ ಮತ್ತೊಬ್ಬನ ಹೆಸರನ್ನೂ ಬರೆಯಬೇಕು. ಕೊಡತಕ್ಕ ಸಾಲಗಳನ್ನು ಮರೆಮಾಚಬಾರದು. ಸಾಲ ತೀರಿದ ಮೇಲೆಯೇ ವಾರಸುದಾರರ ಪಾಲು.

ಬರೆದದ್ದನ್ನು ಬದುಕಿರುವವರೆಗೂ ಬದಲಿಸುವ ಅಧಿಕಾರ ಬರೆದವನಿಗಿದೆ. ಹಳೆಯ ಉಯಿಲಿನ ಮೇಲೆ ಪೆನ್ನಿನಿಂದ ಗೀಟು ಹಾಕಿ, ಅಂಚಿನಲ್ಲಿ ಹೆಸರು ಸೇರಿಸಿದರೆ ಅದು ಬದಲಾವಣೆಯೆನಿಸುವುದಿಲ್ಲ; ತಿದ್ದುಪಡಿಗೂ ಮೊದಲಿನಂತೆಯೇ ಸಹಿ ಮತ್ತು ಸಾಕ್ಷಿಗಳು ಬೇಕು. ಚಿಕ್ಕ ಬದಲಾವಣೆಗೆ ಪೂರಕ ಉಯಿಲು ಸಾಕು. ದೊಡ್ಡ ಬದಲಾವಣೆಯಾದರೆ ಹಿಂದಿನದನ್ನು ರದ್ದುಪಡಿಸಿದೆಯೆಂದು ಸ್ಪಷ್ಟವಾಗಿ ಹೇಳಿ ಹೊಸದನ್ನು ಬರೆಯುವುದೇ ಮೇಲು.

ಜನನ, ಮದುವೆ, ಮರಣ, ಸ್ವತ್ತಿನ ಕ್ರಯ-ವಿಕ್ರಯ, ಮಕ್ಕಳು ಪರದೇಶದಲ್ಲಿ ನೆಲೆಸುವುದು, ವ್ಯಾಪಾರದಲ್ಲಿ ಪಾಲುದಾರರ ಬದಲಾವಣೆ ಇವುಗಳಲ್ಲಿ ಯಾವುದಾದರೂ ನಡೆದರೆ ಉಯಿಲನ್ನು ತೆಗೆದು ಓದಬೇಕು. ಪಾಲುದಾರಿಕೆಯ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 1932ರ ಕಾಯಿದೆಯ ಪ್ರಕಾರ ಒಬ್ಬ ಪಾಲುದಾರನ ಮರಣದಿಂದಲೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಆದುದರಿಂದ ಕರಾರುಪತ್ರವನ್ನೂ ಉಯಿಲಿನ ಜೊತೆಗಿಟ್ಟು ನೋಡಬೇಕು. ಕಾಗದದ ರೂಪದ ಷೇರುಗಳನ್ನು ಡಿಮ್ಯಾಟ್ ಖಾತೆಗೆ ಸೇರಿಸಬೇಕು. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದ ಷೇರುಗಳು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೂ, ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೂ ಹೋಗುತ್ತವೆ. ಅಲ್ಲಿಂದ ಹಿಂದೆ ಪಡೆಯುವ ದಾರಿಯಿದೆ. ಆದರೆ ಇತ್ತೆಂದೇ ತಿಳಿಯದವರು ಕೇಳುವುದೇನನ್ನು?

ಇವೆಲ್ಲಕ್ಕೂ ದಿನವೊಂದನ್ನು ಗೊತ್ತುಮಾಡಿದರೆ ಮರೆವಿಗೆ ಎಡೆಯಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯದು ಉತ್ತಮ ಆಕಿಂಚನ್ಯ ಧರ್ಮದ ದಿನ. ತನ್ನದೆಂಬುದು ಕಿಂಚಿತ್ತೂ ಇಲ್ಲವೆಂದು ಭಾವಿಸುವ ಆ ದಿನ, ಪೂಜೆ ಮುಗಿದ ಮೇಲೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಉಯಿಲನ್ನೂ ಆಸ್ತಿಯ ಪಟ್ಟಿಯನ್ನೂ ತೆಗೆದು ಓದಲಿ. ಪತ್ನಿಯೂ ಪ್ರಾಪ್ತವಯಸ್ಕರಾದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಜೊತೆಯಲ್ಲಿ ಕುಳಿತಿರಲಿ. ಯಾರಿಗೆ ಕಡಿಮೆ ಕೊಟ್ಟಿದೆಯೋ ಅವರಿಗೆ ಕಾರಣವನ್ನು ಎದುರಿನಲ್ಲಿಯೇ ಹೇಳಲಿ. ಹೇಳಲು ನಾಚಿಕೆಯಾಗುವ ಕಾರಣವಿದ್ದರೆ ಪಾಲನ್ನೇ ತಿದ್ದಲಿ. ಉಯಿಲನ್ನು ಚಾವಟಿಯಂತೆ ಬೀಸುತ್ತ, ಸೇವೆ ಮಾಡಿದವರಿಗೆ ಬರೆಯುವುದು, ಎದುರಾಡಿದವರಿಗೆ ಅಳಿಸುವುದು ಮಾಡುವ ವೃದ್ಧರೂ ಅಂದು ತಮ್ಮ ಕಷಾಯಗಳ ಲೆಕ್ಕ ನೋಡಿಕೊಳ್ಳಲಿ. ಟ್ರಸ್ಟುಗಳು ಪರ್ವದ ದಿನಗಳಲ್ಲಿ ಒಂದು ಮಧ್ಯಾಹ್ನ, ತಮಗೆ ಬರುವ ದಾನದ ಮಾತೆತ್ತದೆ, ಬಲ್ಲ ವಕೀಲರಿಂದ ಈ ವಿಷಯದ ತಿಳಿವಳಿಕೆ ಕೊಡಿಸಲಿ.

ಆಕಿಂಚನ್ಯದ ಕೆಲವೇ ದಿನಗಳ ಬಳಿಕ ಕ್ಷಮಾವಾಣಿ ಬರುತ್ತದೆ. ಮನೆಯವರು ಒಬ್ಬರನ್ನೊಬ್ಬರು ಕ್ಷಮೆ ಬೇಡುತ್ತಾರೆ. ಕಾಗದಗಳನ್ನು ಸರಿಪಡಿಸಿಟ್ಟ ಯಜಮಾನನು ಅಂದು ಮಗಳ ಮುಂದೆ ಕೈಮುಗಿದಾಗ, ಅವಳಿಗೆ ಕ್ಷಮಿಸಬೇಕಾದ ಅನ್ಯಾಯವೊಂದು ಪೆಟ್ಟಿಗೆಯಲ್ಲಿ ಕಾದು ಕುಳಿತಿರುವುದಿಲ್ಲ.